ಮೊದಲ ಹೆರಿಗೆಯ ಫೈಲು ಎಲ್ಲಿದೆ?

ಎರಡನೇ ಹೆರಿಗೆಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳನ್ನು ನೋಡುತ್ತಿರುವ ತಾಯಂದಿರಿಗೆ, ಅವರ ಗಂಡಂದಿರಿಗೆ, ಅಮ್ಮ-ಅತ್ತೆಯರಿಗೆ ಒಂದು ಬಹಿರಂಗ ಪತ್ರ



ಚೊಚ್ಚಲ ಹೆರಿಗೆ ತವರಿನದು ಎಂಬ ರೂಢಿ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಇನ್ನೂ ಉಳಿದಿದೆ. ಸೀಮಂತ ಮುಗಿಸಿಕೊಂಡು ಶಿವಮೊಗ್ಗಕ್ಕೋ ಹಾವೇರಿಗೋ ಹಾಸನಕ್ಕೋ ಹೋದ ಮಗಳು, ಅಮ್ಮನಿಗೆ ಗೊತ್ತಿರುವ ಲೇಡಿ ಡಾಕ್ಟರ ನರ್ಸಿಂಗ್ ಹೋಮಿನಲ್ಲಿ ಹೆತ್ತು, ಬಾಣಂತನ ಮುಗಿಸಿ ಬರುತ್ತಾಳೆ. ಆಸ್ಪತ್ರೆ ಯಾವುದು, ಡಾಕ್ಟರ್ ಯಾರು ಎಂದು ಆಕೆ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರುವುದಿಲ್ಲ. ಎರಡನೆಯದಕ್ಕೆ ಹಾಗಲ್ಲ. ಮೊದಲ ಮಗು ಆಗಲೇ ಶಾಲೆಯ ಮೆಟ್ಟಿಲು ಹತ್ತಿರುತ್ತದೆ, ಗಂಡ-ಹೆಂಡತಿ ಇಬ್ಬರಿಗೂ ಕೆಲಸವಿರುತ್ತದೆ, ಅಮ್ಮನಿಗೂ ಮೊದಲಿನ ತ್ರಾಣ ಇರುವುದಿಲ್ಲ. ಅಮ್ಮನೇ ಇಲ್ಲಿಗೆ ಬರಲಿ, ಹೆರಿಗೆ ಬೆಂಗಳೂರಿನಲ್ಲೇ ಆಗಲಿ ಎಂದು ತೀರ್ಮಾನವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳು ಆಸ್ಪತ್ರೆಯನ್ನು ತಾವೇ ನಿಂತು ಆರಿಸುವುದು ಆಗಲೇ.

ಹುಡುಕಾಟ ಸಾಮಾನ್ಯವಾಗಿ ಶುರುವಾಗುವುದು ಮನೆಗೆ ಹತ್ತಿರದ ಆಸ್ಪತ್ರೆ ಯಾವುದು, ಪ್ಯಾಕೇಜ್ ಎಷ್ಟು, ರೂಮು ಹೇಗಿದೆ, ಆಫೀಸಿನ ವಿಮೆ ನಡೆಯುತ್ತದೆಯೇ ಎಂಬಲ್ಲಿಂದ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ, ಆದರೆ ಆಮೇಲೆ. ಎರಡನೇ ಸಲ ಗರ್ಭಿಣಿಯಾದವರ ಕೈಯಲ್ಲಿ ಚೊಚ್ಚಲ ಬಸುರಿಯರ ಹತ್ತಿರ ಇಲ್ಲದ ಒಂದು ದಾಖಲೆ ಇದೆ. ಒಮ್ಮೆ ಹೆತ್ತ ದೇಹ ಹೇಗೆ ನಡೆದುಕೊಂಡಿತು ಎಂದು ಬರೆದಿಟ್ಟ ಕಾಗದ ಅದು. ಅದು ಬಹುಪಾಲು ತವರಿನ ಬೀರುವಿನಲ್ಲೋ ಆ ನರ್ಸಿಂಗ್ ಹೋಮಿನ ರೆಕಾರ್ಡ್ ಕೋಣೆಯಲ್ಲೋ ಇರುತ್ತದೆ. ಯಾವ ಆಸ್ಪತ್ರೆ, ಎಂಥ ಡಾಕ್ಟರ್ ಬೇಕು ಎಂಬುದನ್ನು ಹೋರ್ಡಿಂಗ್‌ಗಿಂತ, ಪಕ್ಕದ ಮನೆಯವರ ಶಿಫಾರಸಿಗಿಂತ ಚೆನ್ನಾಗಿ ಹೇಳಬಲ್ಲದ್ದು ಆ ಕಾಗದವೇ. ಈ ಪತ್ರ ಬರೆದಿರುವುದು ಮುಖ್ಯವಾಗಿ ಅಷ್ಟನ್ನು ಹೇಳುವುದಕ್ಕೆ.

ಮನೆಯಲ್ಲಿ ಹುಡುಕಿದರೆ ಸಿಗುವುದು ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು ಮತ್ತು ಒಂದೂವರೆ ಪುಟದ ಡಿಸ್ಚಾರ್ಜ್ ಸಮ್ಮರಿ. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಅಷ್ಟು ಸಾಲದು. ಆಪರೇಷನ್ ಮಾಡಿದ ವೈದ್ಯರು ಆ ದಿನವೇ ಬರೆದ ಆಪರೇಷನ್ ನೋಟ್ಸ್ ಬೇಕು. ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ ಬೇಡ. ವೈದ್ಯರ ನಡವಳಿಕೆ ಕುರಿತ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಇಲ್ಲಿ ಗಮನಿಸಬೇಕಾದದ್ದು ಆ 3 ವರ್ಷದ ಲೆಕ್ಕ. ಮಕ್ಕಳ ನಡುವೆ ನಾಲ್ಕೈದು ವರ್ಷ ಅಂತರ ಇಟ್ಟುಕೊಂಡವರು ಕೇಳುವ ಹೊತ್ತಿಗೆ ಫೈಲು ವಿಲೇವಾರಿ ಆಗಿದ್ದರೂ ಆಗಿರಬಹುದು. ಎರಡನೆಯದರ ಯೋಚನೆ ಇರುವವರು ಇಂದೇ ತರಿಸಿಕೊಂಡರೆ ಒಳ್ಳೆಯದು. ಗರ್ಭಿಣಿಯಾಗುವವರೆಗೆ ಕಾಯಬೇಕೆಂದೇನೂ ಇಲ್ಲ.

ಆ ನೋಟ್ಸ್‌ನಲ್ಲಿ ಹುಡುಕಬೇಕಾದ ಮೊದಲ ಸಂಗತಿ, ಗರ್ಭಕೋಶವನ್ನು ಎಲ್ಲಿ, ಹೇಗೆ ಕುಯ್ದರು ಎಂಬುದು. ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಇದನ್ನು ಹೇಳಲಾಗದು. ಚರ್ಮದ ಮೇಲೆ ಅಡ್ಡ ಗೆರೆ ಇದ್ದು ಒಳಗೆ ಗರ್ಭಕೋಶದ ಮೇಲೆ ಉದ್ದಕ್ಕೆ ಕುಯ್ದಿರುವ ಸಂದರ್ಭಗಳೂ ಇರುತ್ತವೆ. ಎರಡನೆಯದು, ಯಾಕೆ ಕುಯ್ದರು. ಮಗು ಬುಡ ಕೆಳಗಾಗಿ ಕೂತಿತ್ತು ಎಂಬ ಕಾರಣ ಈ ಸಲ ಇರಲೇಬೇಕೆಂದಿಲ್ಲ. ಹತ್ತಾರು ಗಂಟೆ ನೋವು ತಿಂದು, ಗರ್ಭಕಂಠ ಪೂರ್ತಿ ತೆರೆದು, ಆಮೇಲೂ ಮಗು ಇಳಿಯಲಿಲ್ಲ ಎಂಬ ಕಾರಣಕ್ಕೆ ಬೇರೆ ತೂಕವಿದೆ. ‘ಕೊರಳಿಗೆ ಬಳ್ಳಿ ಸುತ್ತಿಕೊಂಡಿತ್ತು’ ಎಂದಷ್ಟೇ ಹೇಳಿ ಕಳಿಸಿದ್ದರೆ, ಆ ಹೊತ್ತಿನಲ್ಲಿ ಮಗುವಿನ ಎದೆಬಡಿತ ಹೇಗಿತ್ತು ಎಂದು ಕಾಗದದಲ್ಲಿ ನೋಡಬೇಕು. ದಿನ ತುಂಬಿ ಹುಟ್ಟುವ ಮಕ್ಕಳಲ್ಲಿ ಸುಮಾರು ಕಾಲುಭಾಗದಷ್ಟಕ್ಕೆ ಕೊರಳ ಸುತ್ತ ಬಳ್ಳಿ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಏನೂ ತೊಂದರೆ ಇಲ್ಲದೆ ನಾರ್ಮಲ್ ಆಗಿಯೇ ಹುಟ್ಟುತ್ತವೆ.

ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಎಷ್ಟೋ ಮಂದಿ ಡಾಕ್ಟರನ್ನು ಕೇಳುವುದೇ ಇಲ್ಲ. ಆ ಮಾತಿಗೆ ನೂರು ವರ್ಷ ದಾಟಿದೆ. ನ್ಯೂಯಾರ್ಕಿನ ಎಡ್ವಿನ್ ಕ್ರಾಗಿನ್ 1916ರಲ್ಲಿ ಅದನ್ನು ಬರೆದದ್ದು ಸಹವೈದ್ಯರನ್ನು ಎಚ್ಚರಿಸುವುದಕ್ಕೆ. ಮೊದಲ ಸಲ ಚಾಕು ಹಿಡಿಯುವ ಮುನ್ನ ಹಿಂದೆ ಮುಂದೆ ನೋಡಿ, ಅದು ಆಕೆಯ ಮುಂದಿನ ಹೆರಿಗೆಗಳನ್ನೂ ಕಟ್ಟಿಹಾಕುತ್ತದೆ ಎಂಬುದು ಆತನ ಕಾಳಜಿಯಾಗಿತ್ತು. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕುಯ್ಯುತ್ತಿದ್ದರು. ಮುಂದಿನ ಹೆರಿಗೆ ನೋವಿನಲ್ಲಿ ಆ ಹೊಲಿಗೆ ಬಿಚ್ಚಿಕೊಳ್ಳುವ ಭಯ ನಿಜವಾಗಿಯೂ ದೊಡ್ಡದಿತ್ತು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೊ ಕೆರ್ ಗರ್ಭಕೋಶದ ಕೆಳಗಿನ ತೆಳು ಭಾಗದಲ್ಲಿ ಅಡ್ಡಕ್ಕೆ ಕುಯ್ಯುವ ಕ್ರಮವನ್ನು ಬಳಕೆಗೆ ತಂದರು. ಈಗ ಬಹುತೇಕ ಸಿಸೇರಿಯನ್‌ಗಳು ನಡೆಯುವುದು ಹೀಗೆಯೇ. ಕುಯ್ಯುವ ಜಾಗ ಬದಲಾಯಿತು, ಭಯ ಮಾತ್ರ ಹಾಗೇ ಉಳಿಯಿತು.

ಈಗ ಗೊತ್ತಿರುವ ಲೆಕ್ಕ ಹೀಗಿದೆ. ಹಿಂದೆ ಒಂದೇ ಒಂದು ಸಿಸೇರಿಯನ್ ಆಗಿದ್ದು, ಕೆಳಭಾಗದಲ್ಲಿ ಅಡ್ಡಕ್ಕೆ ಕುಯ್ದಿದ್ದು, ಬೇರೆ ತೊಡಕಿಲ್ಲದ ಮಹಿಳೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಿದರೆ ನೂರಕ್ಕೆ 72ರಿಂದ 75 ಮಂದಿಗೆ ಅದು ಕೈಗೂಡುತ್ತದೆ ಎನ್ನುತ್ತದೆ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2015ರ ಮಾರ್ಗಸೂಚಿ. ಹಿಂದೆ ಒಮ್ಮೆಯಾದರೂ ನಾರ್ಮಲ್ ಆಗಿದ್ದವರಲ್ಲಿ ಇದು ನೂರಕ್ಕೆ 85ರಿಂದ 90. ಡಾಕ್ಟರುಗಳ ಬಾಯಲ್ಲಿ ಇದರ ಹೆಸರು ‘ವಿಬ್ಯಾಕ್’. ಇದಕ್ಕಿರುವ ಅಪಾಯವನ್ನು ಮುಚ್ಚಿಡಬಾರದು. ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಹರಿಯುವುದು ಸುಮಾರು 200 ಜನರಲ್ಲಿ ಒಬ್ಬರಿಗೆ. ಹಾಗಾದಾಗ ತಾಯಿ-ಮಗು ಇಬ್ಬರ ಜೀವವೂ ನಿಮಿಷಗಳ ಮೇಲೆ ನಿಂತಿರುತ್ತದೆ. ನೋವು ಬರಿಸಲು ಔಷಧ ಕೊಟ್ಟರೆ ಆ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ನೋವು ಬರಿಸಲು ಸಾಮಾನ್ಯವಾಗಿ ಬಳಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಿಂದೆ ಸಿಸೇರಿಯನ್ ಆದವರಿಗೆ ದಿನ ತುಂಬಿದಾಗ ಕೊಡಬಾರದು ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಮೊದಲ ಸಿಸೇರಿಯನ್ ಆಗಿ ವರ್ಷ ತುಂಬುವ ಮೊದಲೇ ಮತ್ತೆ ಹೆರಿಗೆಯಾಗುವುದಾದರೂ ಅಪಾಯ ಹೆಚ್ಚು.

ಇಷ್ಟು ಓದಿ, ಅದೆಲ್ಲ ಯಾಕೆ ಬೇಕು, ಇನ್ನೊಂದು ಸಿಸೇರಿಯನ್ ಮಾಡಿಸಿಬಿಡೋಣ ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ಗೌರವಿಸಬೇಕಾದ ಆಯ್ಕೆಯೇ. ನೋವು ತಿನ್ನುವ ಧೈರ್ಯ ಇಲ್ಲದವರು ಎಂದು ಅವರನ್ನು ಆಡಿಕೊಳ್ಳುವ ಅತ್ತೆಯರು, ನೆಂಟರು ಸುಮ್ಮನಿರಬೇಕು. ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್‌ನಲ್ಲಿ ಗರ್ಭಕೋಶ ಹರಿಯುವ ಸಂಭವ ತೀರಾ ಕಡಿಮೆ. ಆದರೆ ಮೂರನೆಯ ಮಗುವಿನ ಆಸೆ ಇರುವವರು ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ಸಿಸೇರಿಯನ್‌ಗಳ ಸಂಖ್ಯೆ ಏರಿದಂತೆ ಮಾಸು ಹಳೆಯ ಹೊಲಿಗೆಗೆ ಬೇರುಬಿಟ್ಟು ಕೂರುವ ಅಪಾಯವೂ ಏರುತ್ತದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮಾಸು ಕೆಳಗೆ ಕೂತು ಗರ್ಭಕೋಶದ ಬಾಯಿ ಮುಚ್ಚಿದ್ದ ಮಹಿಳೆಯರ ಪೈಕಿ, ಮೊದಲ ಸಿಸೇರಿಯನ್‌ಗೆ ಬಂದವರಲ್ಲಿ ನೂರಕ್ಕೆ 3 ಮಂದಿಗೆ ಮಾಸು ಗರ್ಭಕೋಶಕ್ಕೆ ಬೇರುಬಿಟ್ಟಿತ್ತು. ಎರಡನೆಯದಕ್ಕೆ ಬಂದವರಲ್ಲಿ 11, ಮೂರನೆಯದಕ್ಕೆ ಬಂದವರಲ್ಲಿ 40. ಹೀಗಾದರೆ ಹೆರಿಗೆಯ ಹೊತ್ತಿಗೆ ವಿಪರೀತ ರಕ್ತ ಹೋಗುತ್ತದೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಅದಕ್ಕೇ ಹಿಂದೆ ಸಿಸೇರಿಯನ್ ಆದವರು ಎರಡನೇ ತಿಂಗಳಲ್ಲೇ ಒಂದು ಸ್ಕ್ಯಾನ್ ಮಾಡಿಸಿ, ಪಿಂಡ ಹಳೆಯ ಗಾಯದ ಮೇಲೆ ಕೂತಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ ಎಂದು ಕೇಳಿ ತಿಳಿಯಬೇಕು. ಅದು ಮುಂಭಾಗದಲ್ಲಿ, ಕೆಳಗೆ, ಹಳೆಯ ಹೊಲಿಗೆಯ ಮೇಲೆ ಇದೆ ಎಂದಾದರೆ ಅಂದಚಂದದ ಸಣ್ಣ ಹೆರಿಗೆ ಆಸ್ಪತ್ರೆಯನ್ನು ಬಿಟ್ಟು ಸ್ವಂತ ರಕ್ತನಿಧಿ, ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಎರಡು ಮಾತಿಲ್ಲ.

ಇನ್ನು ಡಾಕ್ಟರ್ ಆಯ್ಕೆ. ಬೆಂಗಳೂರಿನ ಖಾಸಗಿ ಹೆರಿಗೆ ಲೋಕದಲ್ಲಿ ಮೂರು ಬಗೆ ಕಾಣಸಿಗುತ್ತದೆ. ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಡಾಕ್ಟರಾಗಿ ನಡೆಸಿಕೊಂಡು ಬಂದ ನರ್ಸಿಂಗ್ ಹೋಮುಗಳು. ಸೇಂಟ್ ಮಾರ್ಥಾಸ್, ಬ್ಯಾಪ್ಟಿಸ್ಟ್, ಸೇಂಟ್ ಜಾನ್ಸ್‌ನಂಥ ಟ್ರಸ್ಟ್ ಮತ್ತು ಮಿಷನ್ ಆಸ್ಪತ್ರೆಗಳು. ಈ ಇಪ್ಪತ್ತು ವರ್ಷಗಳಲ್ಲಿ ಬೆಳೆದ, ಊರ ತುಂಬ ಶಾಖೆಗಳಿರುವ ಕಾರ್ಪೊರೇಟ್ ಹೆರಿಗೆ ಆಸ್ಪತ್ರೆಗಳು. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನರ್ಸಿಂಗ್ ಹೋಮಿನಲ್ಲಿ ಒಂಬತ್ತು ತಿಂಗಳೂ ನೋಡಿದ ಡಾಕ್ಟರೇ ಹೆರಿಗೆಗೂ ಬರುವ ಸಾಧ್ಯತೆ ಹೆಚ್ಚು, ಆದರೆ ಅರಿವಳಿಕೆ ತಜ್ಞರನ್ನು ಹೊರಗಿನಿಂದ ಕರೆಸಬೇಕಾಗಬಹುದು. ದೊಡ್ಡ ಆಸ್ಪತ್ರೆಯಲ್ಲಿ ಎಲ್ಲರೂ ಇರುತ್ತಾರೆ, ಆದರೆ ರಾತ್ರಿ ನೋವು ಶುರುವಾದಾಗ ಎದುರಿಗೆ ನಿಲ್ಲುವುದು ಮೊದಲೆಂದೂ ನೋಡಿರದ ಡ್ಯೂಟಿ ಡಾಕ್ಟರ್. ಎಷ್ಟೋ ಕನ್ಸಲ್ಟೆಂಟ್‌ಗಳು ಎರಡು ಮೂರು ಆಸ್ಪತ್ರೆಗಳಿಗೆ ವಿಸಿಟಿಂಗ್ ಹೋಗುತ್ತಾರೆ. ಅಂಥವರನ್ನು ಆರಿಸಿದವರು, ಅವರು ಇನ್ನೊಂದು ಕಡೆ ಇದ್ದಾಗ ಬದಲಿಗೆ ಬರುವವರು ಯಾರು, ಅವರನ್ನು ಮೊದಲೇ ಒಮ್ಮೆ ಭೇಟಿ ಮಾಡಬಹುದೇ ಎಂದು ಏಳನೇ ತಿಂಗಳೊಳಗೆ ಕೇಳಿ ತಿಳಿದುಕೊಳ್ಳಬೇಕು.

ನಾರ್ಮಲ್‌ಗೆ ಪ್ರಯತ್ನಿಸುವ ಮನಸ್ಸಿರುವವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರು ಕಟ್ಟಡದೊಳಗೇ ಇರುತ್ತಾರೋ, ಫೋನ್ ಮಾಡಿದ ಮೇಲೆ ಮನೆಯಿಂದ ಹೊರಟು ಬರುತ್ತಾರೋ? ಹೊಲಿಗೆ ಹರಿಯುವ ಸೂಚನೆ ಕಂಡಾಗ ಬೇಕಾಗುವುದು ತಕ್ಷಣದ ಆಪರೇಷನ್. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಕಾರಿನೊಳಗಿರುವ ತಜ್ಞರಿಂದ ಆ ಹೊತ್ತಿಗೆ ಉಪಯೋಗವಿಲ್ಲ. ಅದರ ಜೊತೆಗೇ ಕೇಳಬೇಕಾದ್ದು: ನೋವಿನ ಉದ್ದಕ್ಕೂ ಮಗುವಿನ ಎದೆಬಡಿತವನ್ನು ಬಿಡದೆ ಯಂತ್ರದಲ್ಲಿ ನೋಡುತ್ತಾರೆಯೇ, ನೋಡುವವರು ಯಾರು? ರಕ್ತ ಆಸ್ಪತ್ರೆಯಲ್ಲೇ ಇದೆಯೇ, ಎಷ್ಟು ಹೊತ್ತಿನಲ್ಲಿ ಸಿಗುತ್ತದೆ? ಮಕ್ಕಳ ಡಾಕ್ಟರ್ ರಾತ್ರಿ ಇರುತ್ತಾರೆಯೇ, ಎನ್‌ಐಸಿಯುನಲ್ಲಿ ವೆಂಟಿಲೇಟರ್ ವ್ಯವಸ್ಥೆ ಉಂಟೇ? ಇವಕ್ಕೆ ನೇರ ಉತ್ತರ ಸಿಗದ ಕಡೆ ವಿಬ್ಯಾಕ್‌ಗೆ ಕೈಹಾಕಬಾರದು. ಅಂಥ ಕಡೆಯ ಡಾಕ್ಟರ್ ‘ನಮ್ಮಲ್ಲಿ ಬೇಡಮ್ಮ, ಬೇರೆ ಕಡೆ ಹೋಗಿ’ ಎಂದರೆ ಅವರು ಪ್ರಾಮಾಣಿಕರು. ಅವರ ಮಾತಿಗೆ ಬೆಲೆ ಕೊಡಬೇಕು.

ಕಷ್ಟವಾಗುವುದು ‘ನೋಡೋಣ, ಟ್ರೈ ಮಾಡೋಣ’ ಎನ್ನುವ ಡಾಕ್ಟರಿಂದ. ಎಂಟು ತಿಂಗಳವರೆಗೆ ನೋಡೋಣ ಎಂದವರು ಕೊನೆಯ ತಿಂಗಳಲ್ಲಿ ‘ನೀರು ಕಡಿಮೆಯಾಗಿದೆ, ಮಗು ದೊಡ್ಡದಿದೆ, ರಿಸ್ಕ್ ಬೇಡ’ ಎನ್ನುತ್ತಾರೆ. ಕೆಲವೊಮ್ಮೆ ಆ ಕಾರಣ ನಿಜವೇ ಆಗಿರುತ್ತದೆ. ಆದರೆ ಮೊದಲಿನಿಂದಲೂ ಮನಸ್ಸಿಲ್ಲದೆ ದಿನ ದೂಡಿದವರನ್ನೂ ನಿಜವಾಗಿ ಕಾಯಲು ಸಿದ್ಧರಿದ್ದವರನ್ನೂ ಗುರುತಿಸಲು ದಾರಿಯಿದೆ. ಮೊದಲ ಭೇಟಿಯಲ್ಲೇ ಫೈಲು ಮುಂದಿಟ್ಟು, ‘ನನ್ನಂಥ ಕೇಸ್‌ಗಳು ಕಳೆದ ವರ್ಷ ನಿಮ್ಮ ಹತ್ತಿರ ಎಷ್ಟು ಬಂದವು, ಎಷ್ಟು ಜನ ಪ್ರಯತ್ನಿಸಿದರು, ಎಷ್ಟು ಜನಕ್ಕೆ ನಾರ್ಮಲ್ ಆಯಿತು ಡಾಕ್ಟ್ರೇ?’ ಎಂದು ಕೇಳಬೇಕು. ಇದು ಉದ್ಧಟತನದ ಪ್ರಶ್ನೆಯಲ್ಲ. ಡಬ್ಲಿನ್‌ನ ವೈದ್ಯ ಮೈಕೆಲ್ ರಾಬ್ಸನ್ 2001ರಲ್ಲಿ ಹೆರಿಗೆಗೆ ಬರುವ ಎಲ್ಲರನ್ನೂ ಹತ್ತು ಗುಂಪುಗಳಾಗಿ ವಿಂಗಡಿಸುವ ಕ್ರಮ ರೂಪಿಸಿದರು. ಹಿಂದೆ ಸಿಸೇರಿಯನ್ ಆಗಿ, ಈಗ ದಿನ ತುಂಬಿ, ಒಂದೇ ಮಗು ತಲೆ ಕೆಳಗಾಗಿ ಇರುವವರದು ಅದರಲ್ಲಿ ಐದನೇ ಗುಂಪು. ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಎಲ್ಲ ಆಸ್ಪತ್ರೆಗಳೂ ಈ ಲೆಕ್ಕ ಇಡಬೇಕೆಂದು ಹೇಳುತ್ತಿದೆ. ಲೆಕ್ಕ ಇಟ್ಟಿರುವ ಡಾಕ್ಟರ್ ಅಂಕಿ ಹೇಳುತ್ತಾರೆ. ಇಡದವರೂ ತಮ್ಮ ಅನುಭವವನ್ನು ಬಿಡಿಸಿ ಹೇಳಬಲ್ಲರು. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕುವವರನ್ನು ಮಾತ್ರ ಆ ದಿನವೇ ಬಿಡುವುದು ವಾಸಿ.

ಯಾಕಿಷ್ಟು ಒತ್ತಿ ಹೇಳಬೇಕಾಗಿದೆ ಎಂದರೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 52ಕ್ಕೂ ಹೆಚ್ಚು ಸಿಸೇರಿಯನ್ ಆಗಿದ್ದವು. ದೇಶದ ಖಾಸಗಿ ಆಸ್ಪತ್ರೆಗಳ ಸರಾಸರಿ 47.4, ಸರ್ಕಾರಿ ಆಸ್ಪತ್ರೆಗಳದು 14.3. ಪಕ್ಕದ ತೆಲಂಗಾಣದ ಖಾಸಗಿ ಆಸ್ಪತ್ರೆಗಳಲ್ಲಂತೂ ನೂರಕ್ಕೆ 81ಕ್ಕೂ ಹೆಚ್ಚು. ಇಡೀ ಜನಸಮುದಾಯವನ್ನು ತೆಗೆದುಕೊಂಡರೆ ಸಿಸೇರಿಯನ್ ಪ್ರಮಾಣ ನೂರಕ್ಕೆ 10 ದಾಟಿದ ಮೇಲೆ ತಾಯಿ ಮತ್ತು ನವಜಾತ ಶಿಶುಗಳ ಸಾವು ಇನ್ನಷ್ಟು ಇಳಿಯುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಗತ್ಯವಿದ್ದಾಗ ಸಿಸೇರಿಯನ್ ಜೀವ ಉಳಿಸುತ್ತದೆ, ಅದು ಸಿಗದೆ ಸತ್ತ ತಾಯಂದಿರ ನೆನಪು ನಮ್ಮ ಹಿರಿಯರ ಕಾಲದ ಪ್ರತಿ ಊರಿನಲ್ಲೂ ಇದೆ. ಆದರೂ ಅದು ಹೊಟ್ಟೆ ತೆರೆಯುವ ದೊಡ್ಡ ಆಪರೇಷನ್ ಎಂಬುದನ್ನು ಮರೆಯುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಹನಿ ಹನಿಯಾಗಿ ನರಕ್ಕೆ ಹಾಕುವ ದ್ರಾವಣದ ಮೇಲೇ ಅನುಮಾನ ಬಂದಿತ್ತು.

ಬೇರೆ ದಾರಿ ಸಾಧ್ಯ ಎಂದು ತೋರಿಸಿಕೊಟ್ಟವರು ದೂರವೇನಿಲ್ಲ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 1948ರಿಂದ ಹೆರಿಗೆ ಮಾಡಿಸುತ್ತಿರುವ ಖಾಸಗಿ ಆಸ್ಪತ್ರೆ. ಡಾ. ಎವಿಟಾ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಅಲ್ಲಿ 2011ರಲ್ಲಿ ನರ್ಸ್‌ಗಳಿಗೆ ವೃತ್ತಿಪರ ಸೂಲಗಿತ್ತಿಯರಾಗುವ ತರಬೇತಿ ಆರಂಭವಾಯಿತು. ನೋವಿನ ಉದ್ದಕ್ಕೂ ಪಕ್ಕದಲ್ಲಿ ನಿಲ್ಲುವುದು, ಓಡಾಡಿಸುವುದು, ಬೇಕೆಂದ ಭಂಗಿಯಲ್ಲಿ ಕೂರಿಸುವುದು ಅವರ ಕೆಲಸ. ತೊಡಕು ಕಂಡ ಕೂಡಲೇ ಡಾಕ್ಟರನ್ನು ಕರೆಯುತ್ತಾರೆ. ಕೇಂದ್ರ ಸರ್ಕಾರವೂ 2018ರಲ್ಲಿ ಇಂಥ ತರಬೇತಿಗೆ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನಲ್ಲಿ ನೋಡಲು ಹೋದ ಆಸ್ಪತ್ರೆಯಲ್ಲಿ ಅಂಥವರಿದ್ದಾರೆಯೇ, ಗಂಡನನ್ನೋ ಅಮ್ಮನನ್ನೋ ಲೇಬರ್ ರೂಮಿನೊಳಗೆ ಬಿಡುತ್ತಾರೆಯೇ ಎಂದು ಕೇಳಿ. ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಾಗ್ಸಿ ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ 16 ಮಾನದಂಡಗಳನ್ನಿಟ್ಟು ‘ಮಾನ್ಯತಾ’ ಎಂಬ ಪ್ರಮಾಣಪತ್ರ ಕೊಡುತ್ತದೆ. ಅದು ಇದೆಯೇ ಎಂದೂ ಕೇಳಬಹುದು.

ಮೊದಲನೆಯದು ನಾರ್ಮಲ್ ಆದವರು ಈ ಪತ್ರ ತಮಗಲ್ಲ ಎಂದುಕೊಳ್ಳಬಾರದು. ಅವರ ಫೈಲಿನಲ್ಲೂ ನೋಡಬೇಕಾದ್ದು ಇದೆ. ಭಾರತೀಯರಲ್ಲಿ ನೂರಕ್ಕೆ ಸುಮಾರು ಐವರು ಆರ್‌ಎಚ್ ನೆಗೆಟಿವ್ ರಕ್ತದವರು. ಅಂಥ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೀಳಬೇಕು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಚುಚ್ಚುಮದ್ದು ತಪ್ಪಿದ್ದರೆ ತೊಂದರೆ ತಟ್ಟುವುದು ಎರಡನೆಯದಕ್ಕೆ. ಅದು ಕೊಟ್ಟ ದಾಖಲೆ ಫೈಲಿನಲ್ಲಿ ಇಲ್ಲದಿದ್ದರೆ ಹೊಸ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು.

ಬಿಪಿ ವಿಷಯವೂ ಹಾಗೆಯೇ. ಮೊದಲ ಬಸುರಿನಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ದಿನಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದಿದ್ದರೆ, ಅದು ಮರುಕಳಿಸಬಹುದು. ಆಸ್ಪ್ರೆ (ASPRE) ಎಂಬ ಅಧ್ಯಯನ 2017ರಲ್ಲಿ ತೋರಿಸಿದಂತೆ, ಹೆಚ್ಚು ಅಪಾಯವಿರುವವರಿಗೆ ಮೊದಲ ಮೂರು ತಿಂಗಳ ಕೊನೆಯ ಹೊತ್ತಿಗೇ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಿದರೆ ದಿನ ತುಂಬುವ ಮೊದಲೇ ಕಾಣಿಸಿಕೊಳ್ಳುವ ಈ ಕಾಯಿಲೆ ನೂರಕ್ಕೆ 62ರಷ್ಟು ತಗ್ಗುತ್ತದೆ. ಹದಿನಾರು ವಾರ ದಾಟಿದ ಮೇಲೆ ಇದರ ಪ್ರಯೋಜನ ಕಡಿಮೆ. ಯಾವ ಆಸ್ಪತ್ರೆ ಎಂದು ತೂಗಿ ನೋಡುತ್ತ ಐದು ತಿಂಗಳು ಕಳೆದರೆ ಆ ಅವಕಾಶ ಕೈತಪ್ಪುತ್ತದೆ. ಆಸ್ಪತ್ರೆ ಆಮೇಲೆ ನಿಶ್ಚಯಿಸಿದರೂ ಸರಿ, ಫೈಲು ಹಿಡಿದು ಯಾರಾದರೂ ಒಳ್ಳೆಯ ಗೈನಕಾಲಜಿಸ್ಟ್ ಬಳಿ ಎರಡು ತಿಂಗಳಾಗುವಾಗಲೇ ಹೋಗಿ, ಮಾತ್ರೆ ಬೇಕೋ ಬೇಡವೋ ಎಂದು ಕೇಳಿ. ನೀವೇ ಅಂಗಡಿಯಿಂದ ತಂದು ನುಂಗುವಂಥದ್ದಲ್ಲ ಅದು. ಮೊದಲ ಸಲ ಸಕ್ಕರೆ ಏರಿದ್ದವರು ಕೂಡ ಈ ಸಲ ಆರಂಭದಲ್ಲೇ ಪರೀಕ್ಷೆ ಮಾಡಿಸಬೇಕು.

ನಾರ್ಮಲ್ ಆದವರಿಗೆ ಎರಡನೆಯ ಸಲ ಹೆರಿಗೆ ಬೇಗ ಮುಗಿಯುತ್ತದೆ. ಹಾಗಾಗಿ ದೂರ ಮುಖ್ಯ. ವೈಟ್‌ಫೀಲ್ಡಿನಲ್ಲಿ ಮನೆ ಇದ್ದು, ಹೆಸರುವಾಸಿ ಡಾಕ್ಟರ್ ಜಯನಗರದಲ್ಲಿದ್ದಾರೆಂದು ಅಲ್ಲಿಗೆ ಬರೆಸಿದವರು ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಒಮ್ಮೆ ಆ ದಾರಿಯಲ್ಲಿ ಹೋಗಿ ನೋಡಬೇಕು. ಹಿಂದೆ ನೋವೇ ಬರದೆ ಸಿಸೇರಿಯನ್ ಆಗಿದ್ದವರ ಲೆಕ್ಕ ಬೇರೆ. ಅವರ ದೇಹಕ್ಕೆ ನೋವಿನ ಮಟ್ಟಿಗೆ ಇದು ಚೊಚ್ಚಲೇ, ಆದ್ದರಿಂದ ಸಮಯ ಹಿಡಿಯುತ್ತದೆ.

ಹೆರಿಗೆಯಾದ ಮೇಲಿನ ರಕ್ತಸ್ರಾವ ಎಲ್ಲರಿಗೂ ಸಂಬಂಧಿಸಿದ್ದು. ನಮ್ಮ ಬೆಳಗಾವಿ ಇದರಲ್ಲಿ ಜಗತ್ತಿಗೇ ಪಾಠ ಹೇಳಿದ ಊರು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲಿ 1,620 ಮಹಿಳೆಯರನ್ನು ಸೇರಿಸಿ ನಡೆಸಿದ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆರಿಗೆ ಮಾಡಿಸಿದ ಕಿರಿಯ ಆರೋಗ್ಯ ಸಹಾಯಕಿಯರು ಮಗು ಹುಟ್ಟಿದ ಕೂಡಲೇ ಬಾಯಿಗೆ ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ಅತಿಯಾದ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತು. ಹೆರಿಗೆಗೆ ಮುಂಚೆ ಹಳೆಯ ಹೊಲಿಗೆಗೆ ಅಪಾಯ ಒಡ್ಡುವ ಅದೇ ಮಾತ್ರೆ, ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲು ನೆರವಾಗುತ್ತದೆ. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳದೆ ಅಳೆಯಲೆಂದು ಆ ಪ್ರಯೋಗಕ್ಕಾಗಿ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನೂ ರೂಪಿಸಿದ್ದರು. ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥದೇ ಹಾಳೆಯಿಂದ ಅಳೆದು, ಬೇಗ ಗುರುತಿಸಿ, ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು. ‘ಹೆರಿಗೆಯಾದ ಮೇಲೆ ರಕ್ತ ಎಷ್ಟು ಹೋಯಿತೆಂದು ನಿಮ್ಮಲ್ಲಿ ಅಳೆಯುತ್ತಾರಾ ಸಿಸ್ಟರ್?’ ಎಂದು ಲೇಬರ್ ರೂಮ್ ತೋರಿಸುವ ನರ್ಸನ್ನು ಕೇಳಿ ನೋಡಿ. ಅವರ ಉತ್ತರದಿಂದ ಆಸ್ಪತ್ರೆಯ ಬಗ್ಗೆ ಬಹಳಷ್ಟು ತಿಳಿಯುತ್ತದೆ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತಿದ್ದರು. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ರಾಜ್ಯಗಳ ಪೈಕಿ ನಮ್ಮದೇ ಹೆಚ್ಚು.

ಮುಹೂರ್ತದ ಮಾತು. ಸಿಸೇರಿಯನ್ ಎಂದು ನಿಶ್ಚಯವಾದ ಮೇಲೆ ಮನೆಯ ಹಿರಿಯರು ಪಂಚಾಂಗ ತೆಗೆಯುತ್ತಾರೆ. ನಕ್ಷತ್ರ ನೋಡುವುದು ಅವರ ಪ್ರೀತಿಯ ರೀತಿ, ಅದನ್ನು ಹಳಿಯಬೇಕಿಲ್ಲ. ಆದರೆ ವೈದ್ಯಕೀಯ ಕಾರಣವಿಲ್ಲದಿದ್ದರೆ 39 ವಾರ ತುಂಬುವ ಮುಂಚಿನ ಯಾವ ದಿನವನ್ನೂ ಒಪ್ಪಬೇಡಿ. ಅದಕ್ಕೆ ಮೊದಲು ಆಪರೇಷನ್ ಮಾಡಿ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆಯಾಗಿ ಎನ್‌ಐಸಿಯು ಸೇರುವ ಸಂಭವ ಹೆಚ್ಚು. ಒಳ್ಳೆಯ ನಕ್ಷತ್ರ ಬೇಕಿದ್ದರೆ 39 ವಾರದ ಆಚೆ, ಡಾಕ್ಟರ್ ಹೇಳಿದ ದಿನಗಳೊಳಗೆ ಹುಡುಕಿ.

ದುಡ್ಡಿನ ವಿಷಯದಲ್ಲಿ ಪ್ಯಾಕೇಜಿನ ಮೊತ್ತಕ್ಕಿಂತ ಅದರಲ್ಲಿ ಸೇರಿರದ ಬಾಬುಗಳ ಪಟ್ಟಿ ಕೇಳಿ. ಮಗುವಿನ ಡಾಕ್ಟರ್ ಫೀಸು, ಎಪಿಡ್ಯೂರಲ್, ರಕ್ತ, ಎನ್‌ಐಸಿಯು ದಿನದ ಬಾಡಿಗೆ, ನಾರ್ಮಲ್‌ಗೆ ಪ್ರಯತ್ನಿಸಿ ಕೊನೆಗೆ ಸಿಸೇರಿಯನ್ ಆದರೆ ಬರುವ ಬಿಲ್ಲು, ಇವನ್ನೆಲ್ಲ ಬರೆದು ಕೊಡಲು ಹೇಳಿ. ಬಹಳ ಕಡೆ ರೂಮಿನ ದರ್ಜೆ ಏರಿದಂತೆ ಅದೇ ಡಾಕ್ಟರ ಫೀಸೂ ಏರುತ್ತದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಬಂದದ್ದು 2007ರಲ್ಲಿ. ಅದರಡಿ ನೋಂದಾಯಿಸಿದ ಆಸ್ಪತ್ರೆ ತನ್ನ ದರಗಳನ್ನು ಕಾಣುವಂತೆ ಹಾಕಬೇಕು. ಮುಂದಿನ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದೂ ಸೇರಿತು, ದೂರು ಕೇಳಲು ಜಿಲ್ಲಾ ಪ್ರಾಧಿಕಾರವಿದೆ. ಕಂಪನಿಯ ವಿಮೆ ನಂಬಿರುವವರು ಹೆರಿಗೆಗೆ ಎಷ್ಟರ ಮಿತಿ ಇದೆ, ಎರಡನೇ ಮಗುವಿಗೂ ಅನ್ವಯಿಸುತ್ತದೆಯೇ, ಮಗು ಹುಟ್ಟಿದ ದಿನದಿಂದಲೇ ಅದರ ಖರ್ಚೂ ಸೇರುತ್ತದೆಯೇ ಎಂದು ಎಚ್ಆರ್ ವಿಭಾಗದಿಂದ ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಸ್ವಂತ ಪಾಲಿಸಿ ಇರುವವರು ಕಾಯುವ ಅವಧಿ ಮುಗಿದಿದೆಯೇ ನೋಡಿಕೊಳ್ಳಿ.

ಎರಡನೇ ಹೆರಿಗೆಗೆ ಮಾತ್ರ ಅಂಟಿಕೊಂಡ ಇನ್ನೊಂದು ಸಂಗತಿ ಇದೆ. ‘ಹೊಟ್ಟೆ ಹೇಗೂ ತೆರೆದಿರ್ತೀವಿ, ಅದನ್ನೂ ಮಾಡಿಬಿಡೋಣ’ ಎಂಬ ಸಲಹೆ. ಅದು ಎಂದರೆ ಸಂತಾನಹರಣ ಚಿಕಿತ್ಸೆ. ಹೆಣ್ಣುಮಕ್ಕಳ ಆಪರೇಷನ್ ಕರ್ನಾಟಕದಷ್ಟು ವ್ಯಾಪಕವಾಗಿರುವ ರಾಜ್ಯಗಳು ಕಡಿಮೆ. 2019-21ರ ಅದೇ ಸಮೀಕ್ಷೆಯಂತೆ ಇಲ್ಲಿ ಮದುವೆಯಾದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಅದನ್ನು ಮಾಡಿಸಿಕೊಂಡಿದ್ದಾರೆ. ಗಂಡಸರ ಪ್ರಮಾಣ ಲೆಕ್ಕಕ್ಕೇ ಸಿಗುವುದಿಲ್ಲ. ಬೇಕೆನಿಸಿದವರು ಮಾಡಿಸಿಕೊಳ್ಳಲಿ, ಸಿಸೇರಿಯನ್ ಜೊತೆಗೆ ಮಾಡಿಸುವುದು ಸುಲಭವೂ ಹೌದು. ಆದರೆ ಆ ತೀರ್ಮಾನ ನೋವಿನ ನಡುವೆ, ಆಪರೇಷನ್ ಟೇಬಲ್ ಮೇಲೆ ಆಗಬಾರದು. ಒಪ್ಪಿಗೆ ಕೊಡಬೇಕಾದವರು ಆ ಮಹಿಳೆ. ಅತ್ತೆಯ ಮಾತು, ಗಂಡನ ಸಹಿ ಆಕೆಯ ಒಪ್ಪಿಗೆಗೆ ಬದಲಿಯಾಗುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದೂ ಇದನ್ನೇ. ಒಂದು ಪ್ರಕ್ರಿಯೆಗೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದು ಆಪರೇಷನ್‌ಗೆ ಹಿಗ್ಗಿಸುವಂತಿಲ್ಲ, ಜೀವಕ್ಕೆ ತಕ್ಷಣದ ಅಪಾಯವಿದ್ದಾಗಿನ ಮಾತು ಬೇರೆ. ದಾಖಲಾಗುವ ದಿನ ಸಹಿ ಹಾಕಿಸಿಕೊಳ್ಳುವ ಕಾಗದಗಳಲ್ಲಿ ಇದೂ ಸೇರಿರಬಹುದು, ಓದಿಯೇ ಸಹಿ ಹಾಕಿ. ಕಾಪರ್-ಟಿ ಹಾಕಿಸಿಕೊಂಡು ವರ್ಷಗಟ್ಟಲೆ ಯೋಚಿಸಲು ಅವಕಾಶವಿದೆ. ಗಂಡಂದಿರೇ, ನಿಮ್ಮ ಆಪರೇಷನ್ ಇದಕ್ಕಿಂತ ಬಹಳ ಚಿಕ್ಕದು, ಹೊಟ್ಟೆ ತೆರೆಯಬೇಕಾಗಿಲ್ಲ, ಅದೇ ದಿನ ಮನೆಗೆ ಬರಬಹುದು. ಡಾಕ್ಟರನ್ನು ಕಾಣಲು ಹೆಂಡತಿಯ ಜೊತೆ ಹೋದಾಗ ಅದರ ಬಗ್ಗೆಯೂ ವಿಚಾರಿಸಿ.

ಡಾಕ್ಟರ್ ಸರಿಹೋಗುತ್ತಿಲ್ಲ ಎನಿಸಿದರೆ ಬದಲಾಯಿಸಲು ಹಿಂಜರಿಯಬೇಡಿ. ಏಳನೇ ತಿಂಗಳೊಳಗೆ ಬದಲಾಯಿಸುವುದು ಅನುಕೂಲ, ಆಮೇಲೆ ಹೊಸಬರನ್ನು ತೆಗೆದುಕೊಳ್ಳಲು ಎಷ್ಟೋ ಡಾಕ್ಟರುಗಳು ಒಪ್ಪುವುದಿಲ್ಲ. ಹಾಗೆಯೇ, ಮೂರ್ನಾಲ್ಕು ದಿನಕ್ಕೆ ಮನೆಗೆ ಕಳಿಸಿದ ಮೇಲೆ ಏನು ಎಂಬುದನ್ನು ಈಗಲೇ ವಿಚಾರಿಸಬೇಕು. ಬಾಣಂತಿಗೆ ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಚಳಿಜ್ವರ, ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು ಕಂಡರೆ ಬಿಸಿನೀರು, ಕಷಾಯ ಎಂದು ಕಾಯುವಂತಿಲ್ಲ. ಹೆರಿಗೆಯಾದ ಮೇಲೂ ಬಿಪಿ ಏರಬಹುದು, ಮೊದಲ ಹತ್ತು ದಿನದೊಳಗೆ ಒಮ್ಮೆ ನೋಡಿಸಲೇಬೇಕು. ಅಂಥ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಆಸ್ಪತ್ರೆಯವರಿಂದ ಬರೆಸಿಕೊಳ್ಳಿ. ಮುಂಗಡ ಕಟ್ಟುವ ಮೊದಲು ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಆ ನಂಬರಿಗೆ ಫೋನ್ ಮಾಡಿ, ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಎಂದು ನೋಡಿಕೊಂಡು ಆಮೇಲೆ ದುಡ್ಡು ಕಟ್ಟಿ.